ವಧುವಿನ ವಯಸ್ಸು ಕೇಳೋಣ

ನೆಹರು ಗಂಜಿನ ವ್ಯಾಪಾರಿಗಳು, ಹಮಾಲರು ಇಲ್ಲಿ ಸೇರಿದ್ದೀರಿ. ತೇವ, ತೂಕ ನೋಡದೆ ನೀವು ತೊಗರಿಯ ಒಂದು ಚೀಲವನ್ನೂ ಕೊಳ್ಳುವುದಿಲ್ಲ. ಸಾಮೂಹಿಕ ವಿವಾಹದಲ್ಲಿ ಮಾತ್ರ ವಧುವಿನ ವಯಸ್ಸು ಕೇಳಲು ನಮಗೆಲ್ಲ ಸಂಕೋಚ!

ದುಡಿಯಲು ಮುಂಬೈ, ಪುಣೆಗೆ ಹೋಗುವ ತಾಯಿತಂದೆ, ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ಭಯಕ್ಕೇ ಮದುವೆ ಮುಗಿಸುತ್ತಾರೆ. ಅವರನ್ನು ಬೈದರೆ ಸಾಲದು. ಮಠಗಳು ಆ ಹುಡುಗಿಗೆ ಪ್ರಸಾದ ನಿಲಯದಲ್ಲಿ ಜಾಗ ಕೊಡಬೇಕು. ಗಂಡುಮಕ್ಕಳಿಗೆ ಕೊಟ್ಟಿಲ್ಲವೆ?

2006ರ ಕಾಯ್ದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ತಪ್ಪಿದರೆ ಮದುವೆ ನಡೆಸಿಕೊಟ್ಟವರಿಗೂ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ವಚನ ಹೇಳಿ ಮದುವೆ ಮಾಡಿಸುವ ನಾವೂ ಇದರೊಳಗೇ ಬಂದೆವು. ಹೆಸರು ಬರೆಸಿಕೊಳ್ಳುವಾಗಲೇ ಶಾಲೆಯ ದಾಖಲೆ ಕೇಳಿ. ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ. ನಾನೂ ಮಾಡಿದ್ದೇನೆ, ಬೈಸಿಕೊಂಡೂ ಇದ್ದೇನೆ.