ಕಟ್ಟುವ ಕೊಡುಗೆ, ಕಾಯುವ ಕೊಡುಗೆ



ಮಹೋತ್ಸವದ ಸಭೆಗಳಲ್ಲಿ ದಾನದ ಮಹಿಮೆಯನ್ನು ಹೇಳುವುದು ವಾಡಿಕೆ. ಕೊಟ್ಟವರ ಹೆಸರು ಕಲ್ಲಿನಲ್ಲಿ ಕೊರೆಯಲ್ಪಡುವುದು. ಕೊಟ್ಟದ್ದು ಹೇಗೆ ಉಳಿಯಿತು, ಅದನ್ನು ಯಾರು ಕಾಯ್ದರು ಎಂಬ ವಿಚಾರವು ಮಾತ್ರ ಅಪರೂಪವಾಗಿ ಸಭೆಯ ಮುಂದೆ ಬರುವುದು. ಮನೆ, ಕೆರೆ, ದಾರಿ, ಕುಡಿಯುವ ನೀರು ಇವುಗಳಿಗಾಗಿ ಸರ್ಕಾರದ ಬೊಕ್ಕಸದಿಂದ ಊರೂರಿಗೆ ಧನಸಹಾಯವು ಬರುತ್ತಿರುವ ಈ ಕಾಲದಲ್ಲಿ, ತುಮಕೂರು ನಗರ, ಗುಬ್ಬಿ, ಕುಣಿಗಲು ಎಂಬ ಮೂರು ಸ್ಥಳಗಳನ್ನು ಎದುರಿಗಿಟ್ಟುಕೊಂಡು ಆ ವಿಚಾರವನ್ನು ಮಾಡುವುದೇ ಈ ಉಪನ್ಯಾಸದ ಉದ್ದೇಶ.

ಈ ಮೂರು ಸ್ಥಳಗಳನ್ನು ಶಿಂಷಾ ನದಿಯು ಒಂದೇ ದಾರದಲ್ಲಿ ಪೋಣಿಸಿರುವುದು. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಈ ನದಿಯು ಗುಬ್ಬಿಯ ಸೀಮೆಯಲ್ಲಿ ಕಡಬದ ಕೆರೆಯನ್ನು ತುಂಬಿ, ಕುಣಿಗಲ ಸೀಮೆಯಲ್ಲಿ ಮಾರ್ಕೋನಹಳ್ಳಿಯ ಜಲಾಶಯವನ್ನು ಹೊಕ್ಕು, ಮುಂದೆ ಕಾವೇರಿಯಲ್ಲಿ ಲೀನವಾಗುವುದು. ಶ್ರೀರಾಮನು ಲಂಕೆಯಿಂದ ಹಿಂದಿರುಗುವಾಗ ಕಡಬದ ಕೆರೆಯನ್ನು ಕಟ್ಟಿಸಿದನೆಂದು ಜನರ ನಂಬಿಕೆ. ಕುಣಿಗಲ ದೊಡ್ಡ ಕೆರೆಯಂತೂ ಜನಪದರ ಹಾಡಿನಿಂದ ಕನ್ನಡನಾಡಿನಲ್ಲೆಲ್ಲಾ ಹೆಸರಾಗಿರುವುದು. ಮಳೆಯನ್ನು ನೆಚ್ಚಿ ಬಾಳಲಾಗದ ಬಯಲುಸೀಮೆಯ ಜನರು ಕೆರೆಯನ್ನು ದೇವರ ಮತ್ತು ಕಾವ್ಯದ ಮಟ್ಟಕ್ಕೆ ಏರಿಸಿದರೆಂದರೆ, ಅದರಲ್ಲಿ ಅವರ ಬದುಕಿನ ಅನುಭವವೇ ಅಡಗಿದೆ.

ಆದರೆ ಹಾಡಿನಿಂದ ಏರಿ ನಿಲ್ಲದು, ನಂಬಿಕೆಯಿಂದ ಹೂಳು ಹೋಗದು. ಇದನ್ನು ಹಿಂದಿನವರು ಬಲ್ಲವರಾಗಿದ್ದರು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುವುವು. ಕೆರೆಯನ್ನು ಕಟ್ಟಿದವನಿಗೆ, ಒಡೆದ ಕೆರೆಯನ್ನು ಜೀರ್ಣೋದ್ಧಾರ ಮಾಡಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಎಂಬುದು ಇವುಗಳ ಒಟ್ಟು ಅರ್ಥ. ಕೆರೆಯ ಹೂಳನ್ನು ಸಾಗಿಸುವ ಬಂಡಿಗಾಗಿಯೇ ದತ್ತಿ ಬಿಟ್ಟ ದೃಷ್ಟಾಂತಗಳೂ ಉಂಟು. ಈ ಕೊಡುಗೆಗಳಲ್ಲಿ ಒಂದು ವಿಶೇಷವಿದೆ. ಕೊಟ್ಟದ್ದು ಒಂದು ಸಲ ವೆಚ್ಚವಾಗಿ ಮುಗಿಯುವ ಹಣವಲ್ಲ, ವರುಷ ವರುಷವೂ ಬೆಳೆ ಕೊಡುವ ನೆಲ. ಕೆರೆ ತುಂಬಿದರೆ ಆ ನೆಲ ಬೆಳೆಯುವುದು. ತೂಬು ಕೆಟ್ಟರೆ, ಏರಿ ಕುಸಿದರೆ ಕೊಡಗೆಯ ಗದ್ದೆಯೂ ಒಣಗುವುದು. ಕಾಯುವವನ ಅನ್ನವನ್ನೂ ಕೆರೆಯ ಬಾಳನ್ನೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಕಟ್ಟುವ ಕೊಡುಗೆಯ ಒಳಗೇ ಕಾಯುವ ಕೊಡುಗೆಯೂ ಇದ್ದಿತು.

ಹಳೆಯದನ್ನು ಹೊಗಳುವಾಗ ಅದರ ದೋಷವನ್ನು ಮರೆಮಾಚುವುದು ನ್ಯಾಯವಲ್ಲ. ನೀರುಗಂಟಿ, ತೋಟಿ, ತಳವಾರ ಮುಂತಾದ ಕೆಲಸಗಳು ಹುಟ್ಟಿನಿಂದ ಬಂದವು. ಮಣ್ಣು ಹೊತ್ತ ಕೈಗಳಲ್ಲಿ ಅನೇಕಕ್ಕೆ ಕೊಡಗೆಯ ನೆಲವೂ ಸಿಗಲಿಲ್ಲ, ಊರೊಳಗೆ ಮನೆಯ ನಿವೇಶನವೂ ಸಿಗಲಿಲ್ಲ. ಕೆರೆಗೆ ದತ್ತಿಯಿದ್ದಿತು, ಬಡವನ ಗುಡಿಸಲಿಗೆ ಇರಲಿಲ್ಲ. ಆದಕಾರಣ ಆ ವ್ಯವಸ್ಥೆಯು ಹಾಗೆಯೇ ಮರಳಿ ಬರಬೇಕೆಂದು ಯಾರೂ ಬಯಸಲಾರರು. ಅದರ ತಿರುಳನ್ನು ಮಾತ್ರ ಉಳಿಸಿಕೊಳ್ಳಬಹುದು.

ಮೈಸೂರು ಸಂಸ್ಥಾನದ ಸರ್ಕಾರವು 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನು ಮಾಡಿ, ಕೆರೆಗಳ ಮೇಲ್ವಿಚಾರಣೆಯಲ್ಲಿ ಗ್ರಾಮಸ್ಥರನ್ನು ಹೊಣೆಗಾರರನ್ನಾಗಿಸಲು ಯತ್ನಿಸಿತು. ಮುಂದೆ 1961ರ ಕಾನೂನಿನಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಹುಟ್ಟಿನ ಕಟ್ಟು ಕಳಚಿದ್ದು ಒಳ್ಳೆಯದೇ ಆಯಿತು. ಆದರೆ ತೂಬಿನ ಬಳಿ ನಿಲ್ಲತಕ್ಕವನು ಯಾರೆಂಬ ಪ್ರಶ್ನೆಗೆ ಬಹಳ ಊರುಗಳಲ್ಲಿ ಉತ್ತರವಿಲ್ಲದೆ ಹೋಯಿತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯು ತುಮಕೂರು ಜಿಲ್ಲೆಗೂ ಬಂದು, ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಇನ್ನು ಇಂದಿನ ಧನಸಹಾಯಗಳ ಕಡೆಗೆ ತಿರುಗಿದರೆ, ಮೊದಲು ಕಾಣುವುದು ಮನೆ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಒಂದು ಮನೆಗೆ 1,20,000 ರೂಪಾಯಿಗಳ ಸಹಾಯವನ್ನು ಗೊತ್ತುಮಾಡಿದರು. ಅದರಲ್ಲಿ ಶೇಕಡಾ 60 ಕೇಂದ್ರದ ಪಾಲು, ಶೇಕಡಾ 40 ರಾಜ್ಯದ ಪಾಲು. ಮನೆಯು 25 ಚದರ ಮೀಟರಿಗೆ ಕಡಮೆಯಿರಕೂಡದು. ಹಣವು ಒಂದೇ ಸಲ ಬಾರದೆ, ಕಟ್ಟಡವು ಮೇಲೇಳುತ್ತ ಹೋದಂತೆ ಕಂತು ಕಂತಾಗಿ ಬರುವುದು. ರಾಜ್ಯದ ವಸತಿ ಯೋಜನೆಗಳ ನಿರ್ವಹಣೆಗಾಗಿ 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮವು ಸ್ಥಾಪಿತವಾಯಿತು.

ಕಾಗದದ ಮೇಲೆ ಈ ಏರ್ಪಾಡು ನೇರವಾಗಿದೆ. ಆದರೆ ಕಂತಿನ ಹಣ ಬರುವ ಮೊದಲು ಇಟ್ಟಿಗೆ, ಮರಳು, ಸಿಮೆಂಟುಗಳನ್ನು ತರಬೇಕಾದವಳು ಕೂಲಿಯ ಹೆಂಗಸು. ಕೈಯಲ್ಲಿ ಮುಂಗಡವಿಲ್ಲದವಳು ಸಾಲಕ್ಕೆ ಹೋಗುವಳು, ಇಲ್ಲವೇ ತಳಪಾಯದ ಮೇಲೆ ಗೋಡೆಯೇಳದೆ ವರುಷ ಕಳೆಯುವಳು. ನಿವೇಶನವೇ ಇಲ್ಲದವರ ಕಷ್ಟ ಇದಕ್ಕೂ ಮೊದಲಿನದು. ಫಲಾನುಭವಿಗಳ ಪಟ್ಟಿಯನ್ನು ಒಪ್ಪತಕ್ಕದ್ದು ಗ್ರಾಮಸಭೆ. ಆ ದಿನ ಕೂಲಿ ಬಿಟ್ಟು ಸಭೆಗೆ ಬರಲಾಗದ ವಿಧವೆಯ ಹೆಸರನ್ನು ಎತ್ತಿ ಹೇಳುವವರು ಸಭೆಯಲ್ಲಿ ಒಬ್ಬರಾದರೂ ಇರಬೇಕು. ಇಂತಹ ಒಂದು ಮಾತು ಹೊರಟರೆ ಬಡವರ ಮನೆಗೆ ಸೂರಾಗುವುದು. ಹೊರಡದಿದ್ದರೆ ಉಳ್ಳವನ ಮನೆಗೆ ಎರಡನೆಯ ಸೂರಾಗುವುದು.

ಮನೆಯನ್ನು ಮನೆಯವರು ಕಾಯುವರು. ಮನೆಯ ಮುಂದಿನ ಚರಂಡಿಯನ್ನೂ, ನಲ್ಲಿಯ ನೀರನ್ನೂ ಕಾಯುವವರು ಯಾರು? 15ನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಪಂಚಾಯಿತಿಗಳಿಗೆ ಬರುವ ಹಣದಲ್ಲಿ ಶೇಕಡಾ 60ನ್ನು ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಮೀಸಲಿರಿಸಿತು. 2019ರ ಜಲಜೀವನ ಯೋಜನೆಯಾದರೋ ಇನ್ನೊಂದು ಹೆಜ್ಜೆ ಮುಂದಿಟ್ಟು, ಊರೊಳಗಿನ ಕೊಳವೆ ಮುಂತಾದವುಗಳ ವೆಚ್ಚದಲ್ಲಿ ಶೇಕಡಾ 10ನ್ನು, ಪರಿಶಿಷ್ಟ ಜಾತಿ ಪಂಗಡಗಳ ಜನರೇ ಅರ್ಧಕ್ಕಿಂತ ಹೆಚ್ಚಾಗಿರುವ ಊರುಗಳಲ್ಲಿ ಶೇಕಡಾ 5ನ್ನು, ಹಣವಾಗಿಯೋ ಸಾಮಗ್ರಿಯಾಗಿಯೋ ಶ್ರಮವಾಗಿಯೋ ಗ್ರಾಮಸ್ಥರೇ ಕೊಡಬೇಕೆಂದಿತು. ಈ ಪಾಲಿನ ಮೊತ್ತ ಅಲ್ಪ, ಅದರ ಅರ್ಥ ದೊಡ್ಡದು. ತನ್ನ ಬೆವರು ಬಿದ್ದ ಕೊಳವೆ ಸೋರಿದರೆ ಮನುಷ್ಯನು ಸುಮ್ಮನೆ ಕೂರಲಾರನು.

ತುಮಕೂರು ನಗರದ ಕಥೆ ಬೇರೆ ಪ್ರಮಾಣದ್ದು. ಕೇಂದ್ರ ಸರ್ಕಾರವು 2015ರ ಜೂನ್ ತಿಂಗಳಲ್ಲಿ ಸ್ಮಾರ್ಟ್ ಸಿಟಿ ಯೋಜನೆಯನ್ನು ಆರಂಭಿಸಿತು. 2016ರ ಸೆಪ್ಟೆಂಬರಿನಲ್ಲಿ ತುಮಕೂರು ಅದಕ್ಕೆ ಆಯ್ಕೆಯಾಯಿತು. ಒಂದೊಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿಗಳವರೆಗೆ, ರಾಜ್ಯದ ಕಡೆಯಿಂದ ಅಷ್ಟೇ ಮೊತ್ತ ಎಂಬುದು ಗೊತ್ತಾದ ಕ್ರಮ. ರಸ್ತೆಗಳು, ಬಸ್ ನಿಲ್ದಾಣ, ಅಮಾನಿಕೆರೆಯ ಅಂಚಿನ ಕೆಲಸ ಮುಂತಾದುವು ಈ ಹಣದಿಂದ ನಡೆದುವು. ಹಲವು ಬಾರಿ ಮುಂದಕ್ಕೆ ಹೋದ ಯೋಜನೆಯ ಅವಧಿಯು 2025ರ ಮಾರ್ಚ್ 31ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ದೀಪ ಕೆಟ್ಟರೆ, ಕಾಲುದಾರಿ ಕುಸಿದರೆ, ಕೆರೆಗೆ ಕೊಳಚೆ ಸೇರಿದರೆ ಅದರ ಭಾರವು ನಗರದ ಸ್ವಂತ ವರಮಾನದ ಮೇಲೆ, ಎಂದರೆ ಕಂದಾಯ ಕಟ್ಟುವ ಪುರಜನರ ಮೇಲೆ ಬೀಳತಕ್ಕದ್ದು. ಅಮಾನಿ ಎಂಬ ಮಾತಿಗೆ ಸರ್ಕಾರವೇ ನೇರವಾಗಿ ಇಟ್ಟುಕೊಂಡದ್ದು ಎಂದರ್ಥ. ಸರ್ಕಾರದ್ದೆಂದರೆ ಎಲ್ಲರದು, ಎಲ್ಲರದೆಂಬುದು ಕ್ರಮೇಣ ಯಾರದೂ ಅಲ್ಲವೆಂಬ ಅರ್ಥಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಪುರಜನರ ಕೆಲಸ.

ಗುಬ್ಬಿಯ ಸೀಮೆಗೆ ಸಂಬಂಧಪಟ್ಟ ಧನವು ಇವೆಲ್ಲಕ್ಕಿಂತ ವಿಚಿತ್ರವಾದುದು. ಅದು ಭೂಮಿಗಾದ ಗಾಯದಿಂದ ಹುಟ್ಟಿದ ಧನ. ಕಬ್ಬಿಣದ ಅದಿರನ್ನು ಮಿತಿಮೀರಿ ಅಗೆದುದರಿಂದ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲು ಬಳ್ಳಾರಿಯಲ್ಲಿ, ಬಳಿಕ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಳನ್ನು ನಿಲ್ಲಿಸಿತು. 2013ರ ತೀರ್ಪಿನ ತರುವಾಯ, ಅದಿರಿನ ಮಾರಾಟದ ಹಣದಲ್ಲಿ ಶೇಕಡಾ 10ರ ಪಾಲು, ಗಡಿ ಮೀರಿ ಅಗೆದವರು ತೆತ್ತ ಪರಿಹಾರ ಮುಂತಾದುವು ಒಂದೆಡೆ ಕೂಡಿದುವು. ಅದನ್ನು ವಿನಿಯೋಗಿಸುವುದಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ಏರ್ಪಟ್ಟಿತು. ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆಗೆ 2022ರ ಅಕ್ಟೋಬರಿನಲ್ಲಿ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಮನೆ, ಕುಡಿಯುವ ನೀರು, ಶಾಲೆ, ಆಸ್ಪತ್ರೆ, ಕಾಡು, ದಾರಿ ಎಲ್ಲವೂ ಅದರಲ್ಲಿ ಸೇರಿವೆ.

ತುಮಕೂರು ಜಿಲ್ಲೆಯಲ್ಲಿ ಚಿಕ್ಕನಾಯಕನಹಳ್ಳಿಯೊಡನೆ ಗುಬ್ಬಿಯ ಹೆಸರೂ ಗಣಿಬಾಧಿತ ತಾಲ್ಲೂಕುಗಳಲ್ಲಿ ಬರುವುದು. ಕೆಂಪು ಧೂಳು ಕುಡಿದ ತೆಂಗಿಗೂ ಹೂಳು ತುಂಬಿದ ಕಟ್ಟೆಗೂ ಈ ಹಣದ ಮೇಲೆ ಮೊದಲ ಹಕ್ಕು. ಇದು ಉಪಕಾರವಲ್ಲ, ಋಣದ ತೀರಿಕೆ. ಧೂಳೇ ಕಾಣದ ಊರಿನಲ್ಲಿ ಈ ಹಣದಿಂದ ಭವನವೆದ್ದರೆ, ಧೂಳು ಕುಡಿದವನಿಗೆ ಎರಡನೆಯ ಸಲ ಅನ್ಯಾಯವಾದಂತೆಯೇ ಸರಿ.

ಹಣವಿದ್ದ ಮಾತ್ರಕ್ಕೆ ಕೆಲಸವು ಸಾಗದೆಂಬುದಕ್ಕೆ ಕುಣಿಗಲ ನೀರಿನ ವಿವಾದವೇ ಸಾಕ್ಷಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಅಲ್ಲಿನ ನೀರು ಬಾಗೂರು-ನವಿಲೆಯ ಸುರಂಗವನ್ನು ದಾಟಿ ತುಮಕೂರಿನ ಸೀಮೆಗೆ ಹರಿಯುವುದು. ಕಾಲುವೆಯ ಕೊನೆಯಲ್ಲಿರುವ ಕುಣಿಗಲಿಗೆ ತನ್ನ ಪಾಲು ನೆಟ್ಟಗೆ ಮುಟ್ಟದೆಂಬುದು ಆ ಕಡೆಯವರ ದೂರು. ಅದಕ್ಕಾಗಿ ನೇರವಾಗಿ ನೀರೊಯ್ಯುವ ಸಂಪರ್ಕ ಕಾಲುವೆಯ ಯೋಜನೆಯು ಹೊರಟಿತು. ನೀರು ಹಾಗೆ ನೇರವಾಗಿ ಹೋದರೆ ನಡುವಣ ಊರುಗಳ ಕೆರೆಗಳು ಬರಿದಾಗುವುವೆಂಬ ಭಯ ಗುಬ್ಬಿ, ತುಮಕೂರು ಸೀಮೆಗಳ ರೈತರದು. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿಯ ಸೀಮೆಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು.

ಎರಡು ಕಡೆಯವರೂ ನೀರಿಲ್ಲದ ಬೇಸಗೆಯನ್ನು ಕಂಡವರು. ಯಾರ ಭಯವೂ ಸುಳ್ಳಲ್ಲ. ಮೇಲಿನವನು ಎಷ್ಟು ಬಿಡತಕ್ಕದ್ದು, ಕೆಳಗಿನವನಿಗೆ ಎಂದು ಮುಟ್ಟತಕ್ಕದ್ದು ಎಂಬ ಲೆಕ್ಕವು ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದಿದ್ದರೆ, ಕೊಳವೆಗಿಂತ ಮೊದಲು ನಂಬಿಕೆಯು ಊರಿಂದೂರಿಗೆ ಹರಿಯುತ್ತಿತ್ತು. ಹಿಂದಿನ ನೀರುಗಂಟಿಯು ಗದ್ದೆ ಗದ್ದೆಗೆ ಸರದಿಯ ಮೇಲೆ ನೀರು ಬಿಟ್ಟು ಮಾಡುತ್ತಿದ್ದುದು ಈ ಲೆಕ್ಕವನ್ನೇ. ಒಂದೇ ಶಿಂಷೆಯ ಮಕ್ಕಳಾದ ಈ ಸೀಮೆಗಳು ಹೇಮಾವತಿಗಾಗಿ ಕಾದಾಡುವುದು ಯಾರಿಗೂ ಶ್ರೇಯಸ್ಕರವಲ್ಲ.

ಹೀಗಿರಲಾಗಿ, ಯಾವುದೇ ಧನಸಹಾಯವು ಊರಿಗೆ ಬಂದಾಗ ಗ್ರಾಮಸಭೆಯು ಮೂರು ಪ್ರಶ್ನೆಗಳನ್ನು ಎತ್ತಬೇಕು. ಇದರ ಮೊದಲ ಹಕ್ಕು ಯಾರದು? ಕೊಟ್ಟ ಹಣ ತೀರಿದ ಮೇಲೆ ಇದನ್ನು ಕಾಯುವವರು ಯಾರು, ಯಾವ ವರಮಾನದಿಂದ? ಇದರ ಲೆಕ್ಕವು ಯಾವ ದಿನ, ಯಾರ ಮುಂದೆ ಓದಲ್ಪಡುವುದು? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಅನ್ಯಾಯ, ಎರಡನೆಯದಕ್ಕಿಲ್ಲದಿದ್ದರೆ ಹಾಳು, ಮೂರನೆಯದಕ್ಕಿಲ್ಲದಿದ್ದರೆ ಕಳವು ನಡೆಯುವುದು. ಇವುಗಳಲ್ಲಿ ಎರಡನೆಯದನ್ನೇ ಜನರು ಹೆಚ್ಚಾಗಿ ಮರೆಯುವರು. ಉದ್ಘಾಟನೆಗೆ ಊರೆಲ್ಲ ಸೇರುವುದು, ಹೂಳೆತ್ತುವುದಕ್ಕೆ ನಾಲ್ವರೂ ಸೇರುವುದಿಲ್ಲ.

ಕೊಡಗೆಯ ನೆಲವನ್ನು ಇಂದು ಮರಳಿ ಬಿಡಲಾಗದು. ಅದರ ಸ್ಥಾನದಲ್ಲಿ ಕೆರೆಯ ಮೀನಿನ ಹರಾಜು, ಏರಿಯ ಮರಗಳ ಫಲ, ನಲ್ಲಿಯ ಅಲ್ಪ ಶುಲ್ಕ ಮುಂತಾದುವುಗಳಿಂದ ಬರುವುದರಲ್ಲಿ ಒಂದು ಪಾಲನ್ನು ಆ ಕೆರೆಗೇ, ಆ ನೀರಿಗೇ ತೆಗೆದಿಡುವ ನಿರ್ಣಯವನ್ನು ಪಂಚಾಯಿತಿಗಳು ಮಾಡಿಕೊಳ್ಳಬಹುದು. ಹುಟ್ಟಿನಿಂದ ನೇಮಕವಾದ ನೀರುಗಂಟಿಯ ಬದಲಿಗೆ ಸಭೆಯು ಆರಿಸಿ ಸಂಬಳ ಕೊಡುವ ನೀರುಗಂಟಿ ಬರಲಿ. ಆ ಆಯ್ಕೆಯಲ್ಲಿ ಹೆಂಗಸರಿಗೂ, ಹಿಂದೆ ಊರ ಹೊರಗೆ ನಿಂತವರಿಗೂ ಸಮಪಾಲಿರಲಿ. ಆಗ ಶಾಸನದ ತಿರುಳು ಅದರ ದೋಷವಿಲ್ಲದೆ ಮರಳಿ ಬಂದಂತಾಗುವುದು.

ಮಹಾಜನಗಳೇ, ಬೊಕ್ಕಸದ ಹಣವು ಕಟ್ಟಡವನ್ನು ಕೊಡಬಲ್ಲುದು, ಅದಕ್ಕೆ ಬಾಳಿಕೆಯನ್ನು ಕೊಡಲಾರದು. ಬಾಳಿಕೆಯು ಊರಿನವರ ಕೊಡುಗೆ. ತುಮಕೂರಿನ ದಾರಿದೀಪಕ್ಕೂ, ಗುಬ್ಬಿಯ ಬಡವಿಯ ಸೂರಿಗೂ, ಕುಣಿಗಲ ಕೆರೆಯ ತೂಬಿಗೂ ಆ ಕೊಡುಗೆಯು ತಪ್ಪದೆ ಸಲ್ಲುತ್ತಿರಲಿ.