ಮೂರರ ಹರೆಯ, ಮೂರು ಕಿಲೋ

2018ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನ ಲಾಂಗ್‌ಶಾಂ ಮೈದಾನದಲ್ಲಿ ಎರಡು ಹೆಣ್ಣುಗುದುರೆಗಳು ಒಂದರ ಬೆನ್ನಿಗೊಂದು ಗೆಲುಗಂಬವನ್ನು ದಾಟಿದವು. ಮುಂದಿದ್ದುದು ನಾಲ್ಕು ವರ್ಷದ ಎನೇಬಲ್. ಕುದುರೆಯ ಕತ್ತಿನಷ್ಟೂ ಇಲ್ಲದ ಅಂತರದಲ್ಲಿ ಹಿಂದುಳಿದದ್ದು ಮೂರು ವರ್ಷದ ಸೀ ಆಫ್ ಕ್ಲಾಸ್. ಬಹು ಹಿಂದಿನಿಂದ ನುಗ್ಗಿ ಬಂದ ಈ ಕಿರಿಯ ಕುದುರೆ, ಓಟ ಇನ್ನು ಹತ್ತು ಮಾರು ಮುಂದುವರಿದಿದ್ದರೆ ಗೆದ್ದೇಬಿಡುತ್ತಿತ್ತೇನೋ. ಆದರೆ ಹಿರಿಯದು ಹೊತ್ತಿದ್ದ ಭಾರ 58 ಕಿಲೋ. ಕಿರಿಯದು ಹೊತ್ತಿದ್ದುದು 55. ಈ ಮೂರು ಕಿಲೋಗಳ ನ್ಯಾಯಾನ್ಯಾಯವನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತನಾಡಬಯಸುತ್ತೇನೆ.

ಕುದುರೆ ಪಂದ್ಯವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಜೂಜು. ಅದು ಸಹಜವೇ, ಆದರೆ ಸದ್ಯಕ್ಕೆ ಅದನ್ನು ಬದಿಗಿರಿಸೋಣ. ಸಾಮಾನ್ಯ ಪಂದ್ಯಗಳಲ್ಲಿ ಹೆಚ್ಚು ಬಲ್ಲ ಕುದುರೆಗೆ ಹೆಚ್ಚು ಭಾರ ಹೇರಿ ಎಲ್ಲವನ್ನೂ ಸಮಗೊಳಿಸುವ ಪದ್ಧತಿಯುಂಟು. ಅತ್ಯುನ್ನತ ದರ್ಜೆಯ ಪಂದ್ಯಗಳಲ್ಲಿ ಹಾಗಿಲ್ಲ. ಅಲ್ಲಿ ಶ್ರೇಷ್ಠತೆಗೆ ದಂಡ ವಿಧಿಸುವಂತಿಲ್ಲ. ಹೆಣ್ಣಿಗೊಂದು, ಎಳೆವಯಸ್ಸಿಗೊಂದು ರಿಯಾಯಿತಿ ಮಾತ್ರ ಉಂಟು. ಮೇಲೆ ಹೇಳಿದ ಎರಡೂ ಹೆಣ್ಣುಗುದುರೆಗಳಾದುದರಿಂದ ಉಳಿದದ್ದು ವಯಸ್ಸಿನ ಲೆಕ್ಕವೊಂದೇ. ಸವಾರನೂ ಜೀನೂ ಕೂಡಿ ನಿಗದಿತ ತೂಕಕ್ಕೆ ಕಡಮೆಯಾದರೆ ಸೀಸದ ತುಂಡುಗಳನ್ನಿಟ್ಟು ಸರಿದೂಗಿಸುತ್ತಾರೆ.

ಈ ಲೆಕ್ಕದ ಪಟ್ಟಿಯನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರೂಪಿಸಿದವನು ಇಂಗ್ಲೆಂಡಿನ ಅಡ್ಮಿರಲ್ ಹೆನ್ರಿ ರೌಸ್. 1835ರಲ್ಲಿ ಚುಕ್ಕಾಣಿ ಕಳೆದುಕೊಂಡ ಯುದ್ಧನೌಕೆಯೊಂದನ್ನು ಅಟ್ಲಾಂಟಿಕ್ ಸಾಗರ ದಾಟಿಸಿ ತಾಯ್ನಾಡಿಗೆ ತಂದ ಗಟ್ಟಿಗ ಈತ. ಪ್ರಯೋಗಶಾಲೆಯಿಲ್ಲದೆ, ಬರಿಯ ಕಣ್ಣಳತೆಯಿಂದ ಅವನು ಹಾಕಿದ ಪಟ್ಟಿ ಅಲ್ಪಸ್ವಲ್ಪ ತಿದ್ದುಪಡಿಗಳೊಡನೆ ಇಂದಿಗೂ ಬಾಳುತ್ತಿದೆ. ಓಟದ ದೂರ ಹೆಚ್ಚಿದಷ್ಟೂ ಕಿರಿಯರಿಗೆ ರಿಯಾಯಿತಿ ಹೆಚ್ಚು. ವರ್ಷ ಮುಂದುವರಿದು ಅವು ಬಲಿತಂತೆಲ್ಲ ಕಡಮೆ. ಜುಲೈ ಕೊನೆಯಲ್ಲಿ ಆಸ್ಕಟ್‌ನಲ್ಲಿ ನಡೆಯುವ ಒಂದೂವರೆ ಮೈಲಿಯ ಕಿಂಗ್ ಜಾರ್ಜ್ ಪಂದ್ಯದಲ್ಲಿ ಮೂರು ವರ್ಷದ ಕುದುರೆಗೆ ಬಹುಕಾಲ 12 ಪೌಂಡುಗಳ ರಿಯಾಯಿತಿ ಇತ್ತು. ಅಕ್ಟೋಬರದಲ್ಲಿ 2400 ಮೀಟರುಗಳ ಆರ್ಕ್ ಪಂದ್ಯಕ್ಕೆ ಬರುವಷ್ಟರಲ್ಲಿ ಅದು ಮೂರೂವರೆ ಕಿಲೋಗೆ ಇಳಿದಿರುತ್ತಿತ್ತು. ಇಲ್ಲಿ ಒಂದು ವಿನೋದವಿದೆ. ಉತ್ತರ ಗೋಲಾರ್ಧದ ರೇಸು ಕುದುರೆಗಳಿಗೆಲ್ಲ ಹುಟ್ಟುಹಬ್ಬ ಜನವರಿ 1ರಂದೇ! ಫೆಬ್ರವರಿಯಲ್ಲಿ ಹುಟ್ಟಿದ ಮರಿಗೂ ಮೇ ತಿಂಗಳಲ್ಲಿ ಹುಟ್ಟಿದ ಮರಿಗೂ ಪಟ್ಟಿಯಲ್ಲಿ ಭೇದವಿಲ್ಲ.

ಮೂರು ಕಿಲೋ ಎಂದರೆ ಎಷ್ಟು? ಈ ದೂರದಲ್ಲಿ ಒಂದೂವರೆ ಪೌಂಡಿಗೆ ಸುಮಾರು ಒಂದು ಕುದುರೆಯುದ್ದವೆಂದು ಬಲ್ಲವರ ಲೆಕ್ಕ. ಅಂದರೆ ನಾಲ್ಕು ಕುದುರೆಯುದ್ದಕ್ಕೂ ಮಿಕ್ಕು. 1999ರ ಆರ್ಕ್‌ನಲ್ಲಿ ಜಪಾನಿನಿಂದ ಬಂದ ನಾಲ್ಕು ವರ್ಷದ ಎಲ್ ಕಾಂಡೋರ್ ಪಾಸಾ 59.5 ಕಿಲೋ ಹೊತ್ತು ಮುಂದಾಳಾಗಿ ಓಡಿ, ಕೊನೆಯಲ್ಲಿ 56 ಕಿಲೋ ಹೊತ್ತ ಮೂರು ವರ್ಷದ ಮಾಂಜೂವಿಗೆ ಅರ್ಧ ಕುದುರೆಯುದ್ದದಿಂದ ಸೋತಿತು. ಇವೆರಡರಲ್ಲಿ ಉತ್ತಮವಾದದ್ದು ಯಾವುದು? ಗೆದ್ದದ್ದು ಯಾವುದೆಂದು ಹೇಳಬಹುದು, ಅಷ್ಟೆ.

1994ರಿಂದ 2017ರವರೆಗಿನ 24 ಆರ್ಕ್ ಪಂದ್ಯಗಳಲ್ಲಿ 18ನ್ನು ಗೆದ್ದವು ಮೂರು ವರ್ಷದ ಕುದುರೆಗಳೇ. ರಿಯಾಯಿತಿ ಅತಿಯಾಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ನೀವು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆದರೆ ಆ ಲೆಕ್ಕದಲ್ಲೊಂದು ತೊಡಕಿದೆ. 2009ರಲ್ಲಿ ಮೂರರ ವಯಸ್ಸಿಗೇ ಆರ್ಕ್ ಗೆದ್ದ ಸೀ ದ ಸ್ಟಾರ್ಸ್ ನಾಲ್ಕರಲ್ಲಿ ಓಡಲೇ ಇಲ್ಲ. ಒಡನೆಯೇ ಸಂತಾನೋತ್ಪತ್ತಿಗೆ ನಿಯುಕ್ತವಾಯಿತು. ಅಗ್ರಶ್ರೇಣಿಯ ಗಂಡುಗುದುರೆಗಳಲ್ಲಿ ಅನೇಕದರ ಪಾಡು ಇದೇ. ಹೀಗೆ ಉತ್ತಮವಾದವು ಕಣದಿಂದ ಸರಿದ ಮೇಲೆ ಉಳಿದವನ್ನೇ ಹಿರಿಯರ ಪ್ರತಿನಿಧಿಗಳೆಂದು ಭಾವಿಸಿ ತೂಗುವುದು ಎಷ್ಟು ಸರಿ? ಇನ್ನೊಂದು ಕಡೆ, ಎಳೆಯದರಲ್ಲಿಯೇ ಗೆಲವು ಸುಲಭವಾದರೆ ಒಡೆಯನು ಮತ್ತೊಂದು ವರ್ಷ ಓಡಿಸಿ ಕೀರ್ತಿಯನ್ನು ಪಣಕ್ಕೊಡ್ಡುವುದಾದರೂ ಏಕೆ? ರೋಗ ಯಾವುದು, ಲಕ್ಷಣ ಯಾವುದು ಎಂದು ಬಿಡಿಸಲಾಗದ ಗಂಟು ಇದು.

2017ರಲ್ಲಿ ಯೂರೋಪಿನವರು ದೂರದ ಓಟಗಳ ರಿಯಾಯಿತಿಯನ್ನು ತುಸು ತಗ್ಗಿಸಿದರು: ಕಿಂಗ್ ಜಾರ್ಜ್‌ನಲ್ಲಿ 12 ಪೌಂಡು 11 ಆಯಿತು, ಆರ್ಕ್‌ನಲ್ಲಿ ಮೂರೂವರೆ ಕಿಲೋ ಮೂರಾಯಿತು. ಆ ವರ್ಷ ಗೆದ್ದದ್ದೂ ಮೂರರ ಕುದುರೆಯೇ, ಇದೇ ಎನೇಬಲ್. ಆಮೇಲೆ 2018ರಿಂದ 2022ರವರೆಗೆ ಐದು ವರ್ಷವೂ ಹಿರಿಯವೇ ಗೆದ್ದವು. ಅರ್ಧ ಕಿಲೋವಿನ ಮಹಿಮೆ ಇಷ್ಟಿರಲಾರದು ಎಂದು ನನ್ನ ಎಣಿಕೆ. ತ್ರೇವ್ ಎಂಬ ಹೆಣ್ಣುಗುದುರೆ 2013ರಲ್ಲಿ 54.5 ಕಿಲೋ ಹೊತ್ತು ಐದು ಕುದುರೆಯುದ್ದದಿಂದ ಗೆದ್ದದ್ದು, ಮರುವರ್ಷ 58 ಕಿಲೋ ಹೊತ್ತು ಎರಡು ಕುದುರೆಯುದ್ದದಿಂದ ಗೆದ್ದಿತು. ಪಟ್ಟಿಗೆ ಗೊತ್ತಿರುವುದು ಸರಾಸರಿ ಕುದುರೆ. ಮೈದಾನದಲ್ಲಿ ಓಡುವುದು ಹೆಸರುಳ್ಳ ಕುದುರೆ.

ಎನೇಬಲ್ 2019ರ ಆರ್ಕ್‌ನಲ್ಲಿ ಮತ್ತೆ 58 ಕಿಲೋ ಹೊತ್ತು ಓಡಿ, 59.5 ಕಿಲೋ ಹೊತ್ತ ಐದು ವರ್ಷದ ವಾಲ್ಡ್‌ಗೈಸ್ಟ್‌ಗೆ ಸೋತು ಎರಡನೆಯದಾಯಿತು. ಸೀ ಆಫ್ ಕ್ಲಾಸ್ ಅಂದು ಕಣಕ್ಕಿಳಿದಿದ್ದರೆ ಅದಕ್ಕೂ 58 ಕಿಲೋವೇ ಆಗುತ್ತಿತ್ತು. ನಾಲ್ಕರ ವಯಸ್ಸಿನಲ್ಲಿ ಒಂದೇ ಒಂದು ಸಲ ಓಡಿದ್ದ ಅದು, ಆ ಆಗಸ್ಟ್ ತಿಂಗಳಲ್ಲೇ ಹೊಟ್ಟೆಶೂಲೆಯಿಂದ ಸತ್ತುಹೋಗಿತ್ತು.