ಎಲೆ ತೇಲುತ್ತಿರುವಾಗಲೇ ತೆಗೆಯಿರಿ



ಹೋಳಿ ಮುಗಿದು ಯುಗಾದಿ ಹತ್ತಿರವಾಗುವ ಹೊತ್ತಿಗೆ ದೆಹಲಿಯ ಬೇವಿನ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಳದಿ. ಅಂಗಳವನ್ನಾದರೆ ನಾಳೆ ಗುಡಿಸಿದರಾಯಿತು. ಹಿತ್ತಲಲ್ಲಿ ಮೀನಿನ ಕೊಳ ಇಟ್ಟುಕೊಂಡವರು ಹಾಗೆ ನಾಳೆಗೆ ಬಿಡುವಂತಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ನಮ್ಮ ಬಾಡಿಗೆ ಮನೆಯ ಹಿಂದೆ ಸಿಮೆಂಟಿನ ಸಣ್ಣ ಕೊಳವಿದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ. ತುಂಬಿದರೆ ಸುಮಾರು 1,350 ಲೀಟರ್ ನೀರು. ಅದರಲ್ಲಿ ಹನ್ನೊಂದು ಗೋಲ್ಡ್‌ಫಿಶ್ ಇದ್ದವು. ಹೋದ ವರ್ಷ ಯುಗಾದಿಗೆಂದು ಊರಿಗೆ ಹೋಗಿದ್ದೆವು. ಹತ್ತು ದಿನ ಬಿಟ್ಟು ನಸುಕಿನಲ್ಲಿ ಮನೆ ತಲುಪಿದಾಗ ಕೊಳದ ತುಂಬ ಎಲೆಯ ಹಾಸು. ಸರಿಸಿ ನೋಡಿದರೆ ಆರು ಮೀನು ಸತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. "ಅಪ್ಪಾ, ಅವಕ್ಕೆ ಹಸಿವಾ?" ಎಂದು ಮಗಳು ಕೇಳಿದಳು. ಹಸಿವಲ್ಲ, ಉಸಿರು ಸಾಲದೆ ಒದ್ದಾಡುತ್ತಿದ್ದವು.

ಕಾರಣ ಇಷ್ಟೇ. ಮುಳುಗಿದ ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಬಳಸಿಕೊಳ್ಳುತ್ತವೆ. ಬಿಸಿಲೇರಿದಷ್ಟೂ ನೀರಿನಲ್ಲಿ ಅದು ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ರಾತ್ರಿ ನೀರಿನ ಗಿಡಗಳೂ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾವೂ ಉಸಿರಾಡುತ್ತವೆ. ಅದಕ್ಕೇ ನಸುಕಿನ ಹೊತ್ತು ಮೀನಿಗೆ ಕಷ್ಟಕಾಲ. ನಮ್ಮ ದೆಹಲಿಯಲ್ಲಿ ಎಲೆ ಉದುರುವುದೂ ಬಿಸಿಲೇರುವುದೂ ಒಟ್ಟೊಟ್ಟಿಗೇ.

ಹಾಗಾದರೆ ಏನು ಮಾಡಬೇಕು? ಬಿದ್ದ ಎಲೆ ಸ್ವಲ್ಪ ಕಾಲ ತೇಲುತ್ತದೆ, ಆಮೇಲೆ ನೆನೆದು ಮುಳುಗುತ್ತದೆ. ತೇಲುವಾಗಲೇ ತೆಗೆದರೆ ಅರ್ಧ ಕೆಲಸ ಮುಗಿದಂತೆ. ದಪ್ಪ ತಂತಿಯನ್ನು ಬಳೆಯಂತೆ ಬಗ್ಗಿಸಿ, ಹಳೆಯ ಸೊಳ್ಳೆಪರದೆಯ ಬಟ್ಟೆ ಹೊಲಿದು, ಕೋಲಿಗೆ ಕಟ್ಟಿದರೆ ಜಾಲರಿ ಸಿದ್ಧ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಸಾಕು. ಎಲೆಯ ಮರೆಯಲ್ಲಿ ಸೊಳ್ಳೆಮರಿಗಳು ಮೀನಿನ ಬಾಯಿಗೆ ಸಿಗದೆ ಉಳಿಯುತ್ತವೆ. ಡೆಂಗ್ಯೂ ಕಾಡುವ ಊರಿನಲ್ಲಿ ಇದೂ ನೆನಪಿರಲಿ.

ಊರಿಗೆ ಹೋಗುವವರು ಕೊಳದ ಮೇಲೆ ಸಣ್ಣ ಕಣ್ಣಿನ ಬಲೆ ಕಟ್ಟಿ. ನೀರಿಗಿಂತ ಒಂದಡಿ ಮೇಲೆ, ಬಿಗಿಯಾಗಿ ಎಳೆದು ಕಟ್ಟಬೇಕು. ಜೋತುಬಿದ್ದ ಬಲೆ ಎಲೆಯ ಭಾರಕ್ಕೆ ನೀರು ಮುಟ್ಟುತ್ತದೆ, ಹಕ್ಕಿಗಳ ಕಾಲೂ ಸಿಕ್ಕಿಕೊಳ್ಳುತ್ತದೆ. ಬಲೆಯ ಮೇಲಿನ ಎಲೆ ತೆಗೆಯಲು ನೆರೆಯವರೊಬ್ಬರಿಗೆ ಹೇಳಿ ಹೋಗಿ.

ತಳದಲ್ಲಿ ಈಗಾಗಲೇ ಎಲೆ ಸೇರಿದ್ದರೆ ಒಂದೇ ದಿನ ಕಲಕಬೇಡಿ. ತಳದ ಕೊಳಕೆಲ್ಲ ಎದ್ದು ಮೀನಿಗೆ ಇನ್ನೂ ಕೇಡು. ದಿನಕ್ಕೊಂದು ಮೂಲೆಯಂತೆ ಮೆಲ್ಲಗೆ ತೆಗೆಯಿರಿ. ನೀರು ಬದಲಿಸುವಾಗಲೂ ಕಾಲು ಭಾಗ ಮಾತ್ರ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಬಕೆಟ್‌ಗಳಲ್ಲಿ ಇಟ್ಟು ಸುರಿಯಿರಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಹಾರ ಹಾಕಬೇಡಿ. ಚೆಂಬಿನಲ್ಲಿ ಕೊಳದ ನೀರನ್ನೇ ಎತ್ತಿ ಎತ್ತಿ ಸುರಿದರೆ ಗಾಳಿ ಬೆರೆಯುತ್ತದೆ. ನಮ್ಮ ಐದು ಮೀನು ಉಳಿದದ್ದು ಹಾಗೆ. ಅಂದು ಇಡೀ ಬೆಳಿಗ್ಗೆ ಮನೆಮಂದಿಯೆಲ್ಲ ಸರದಿಯ ಮೇಲೆ ನೀರು ಸುರಿದೆವು.

ತೆಗೆದ ಎಲೆ ಎಸೆಯಬೇಡಿ. ಮೂಲೆಯಲ್ಲಿ ಗುಡ್ಡೆ ಹಾಕಿದರೆ ಗೊಬ್ಬರವಾಗುತ್ತದೆ. ಈ ಸಲ ಜಾಲರಿ ಹಿಡಿಯುವ ಕೆಲಸ ಮಗಳದು. ಶಾಲೆಗೆ ಹೊರಡುವ ಮುನ್ನ ಮೀನು ಎಣಿಸಿ, "ಐದೂ ಇವೆ" ಎಂದು ಕೂಗಿ ಹೇಳಿಯೇ ಹೋಗುತ್ತಾಳೆ.